60 ಚಿತ್ರ, ಎರಡು ಊರು, ಒಂದು ಫೋನು: ಕಪ್ಪು ಕಲಾವಿದರ ಕೆಲಸವನ್ನು ಪರದೆಯ ಮೇಲೆ ನೋಡುವುದು ಹೇಗೆ

ಕಪ್ಪು ಅಮೆರಿಕನ್ ಚಿತ್ರಕಾರ ಜೇಕಬ್ ಲಾರೆನ್ಸ್ 1941ರಲ್ಲಿ 60 ಚಿತ್ರಗಳ ಒಂದು ಸರಣಿ ಬರೆದು ಮುಗಿಸಿದರು. ಆಗ ಅವರಿಗೆ 23 ವರ್ಷ. ಬೆಳೆದದ್ದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಕಪ್ಪು ಜನ ಹೆಚ್ಚಾಗಿದ್ದ ಬಡಾವಣೆ ಅದು. ಅಪ್ಪ ಅಮ್ಮ ಅಮೆರಿಕದ ದಕ್ಷಿಣದಿಂದ ಉತ್ತರಕ್ಕೆ ಗುಳೆ ಬಂದವರು. ಸರಣಿಯ ವಿಷಯವೂ ಅದೇ ಗುಳೆ. ಮೊದಲ ಮಹಾಯುದ್ಧದ ಹೊತ್ತಿಗೆ ಜೋರಾಗಿ 1970ರವರೆಗೂ ನಡೆದ ಈ ಗುಳೆಯಲ್ಲಿ ಸುಮಾರು 60 ಲಕ್ಷ ಆಫ್ರಿಕನ್ ಅಮೆರಿಕನ್ನರು ದಕ್ಷಿಣದ ಹತ್ತಿ ಹೊಲಗಳನ್ನೂ, ಅಲ್ಲಿನ ಬಡತನ, ಹಿಂಸೆಯನ್ನೂ ಬಿಟ್ಟು ಷಿಕಾಗೋ, ನ್ಯೂಯಾರ್ಕ್, ಡೆಟ್ರಾಯಿಟ್ ಕಡೆಗೆ ಹೊರಟರು.

ಒಂದೊಂದು ಚಿತ್ರವೂ ಬರೀ ಒಂದೂವರೆ ಅಡಿ ಉದ್ದ, ಒಂದು ಅಡಿ ಅಗಲ. ಪ್ರತಿ ಚಿತ್ರಕ್ಕೂ ಒಂದು ಸಂಖ್ಯೆ, ಒಂದೆರಡು ಸಾಲಿನ ಒಕ್ಕಣೆ. ಮೊದಲನೆಯದರಲ್ಲಿ ರೈಲು ನಿಲ್ದಾಣದ ಜನಜಂಗುಳಿ ಮೂರು ಬಾಗಿಲುಗಳ ಕಡೆ ನುಗ್ಗುತ್ತಿದೆ. ಬಾಗಿಲುಗಳ ಮೇಲೆ ಷಿಕಾಗೋ, ನ್ಯೂಯಾರ್ಕ್, ಸೇಂಟ್ ಲೂಯಿಸ್ ಅಂತ ಊರ ಹೆಸರು. 15ನೆಯದರಲ್ಲಿ ಒಂದು ಖಾಲಿ ನೇಣಿನ ಕುಣಿಕೆ, ಅದರ ಪಕ್ಕ ಮುದುಡಿ ಕೂತ ಒಂದು ಜೀವ, ಅಷ್ಟೇ. ಹೆಣವನ್ನು ಅವರು ತೋರಿಸುವುದಿಲ್ಲ. 58ರಲ್ಲಿ ಮೂವರು ಹುಡುಗಿಯರು ನಮಗೆ ಬೆನ್ನು ಹಾಕಿ, ಕೈ ಎತ್ತಿ ಬೋರ್ಡಿನ ಮೇಲೆ ಅಂಕಿ ಬರೆಯುತ್ತಿದ್ದಾರೆ. ಕೊನೆಯದರಲ್ಲಿ ಮತ್ತೆ ಪ್ಲಾಟ್‌ಫಾರ್ಮ್, ಮತ್ತೆ ಜನ.

ಇದು ಬಿಡಿ ಚಿತ್ರಗಳ ಕಟ್ಟಲ್ಲ, ಸಾಲಾಗಿ ಓದಬೇಕಾದ ಕಥೆ. ಲಾರೆನ್ಸ್ ಅದನ್ನು ಬರೆದ ರೀತಿಯೂ ಹಾಗೇ ಇತ್ತು. ಒಂದು ಚಿತ್ರ ಮುಗಿಸಿ ಇನ್ನೊಂದಕ್ಕೆ ಹೋಗಲಿಲ್ಲ. 60 ಹಲಗೆಗಳ ಮೇಲೂ ಮೊದಲು ಪೆನ್ಸಿಲಿನಲ್ಲಿ ರೇಖೆ ಎಳೆದುಕೊಂಡರು. ಆಮೇಲೆ ಒಂದು ಬಣ್ಣ ಕಲಸಿಕೊಂಡು, ಆ ಬಣ್ಣ ಎಲ್ಲೆಲ್ಲಿ ಬರಬೇಕೋ ಅಷ್ಟೂ ಚಿತ್ರಗಳಿಗೆ ಒಂದೇ ಸಲ ಹಚ್ಚಿದರು. ಗಾಢ ಬಣ್ಣ ಮೊದಲು, ತಿಳಿ ಬಣ್ಣ ಆಮೇಲೆ. ಮದುವೆ ಊಟದ ಪಂಕ್ತಿಯಲ್ಲಿ ಎಲ್ಲ ಎಲೆಗೂ ಮೊದಲು ಉಪ್ಪು, ಆಮೇಲೆ ಉಪ್ಪಿನಕಾಯಿ, ಆಮೇಲೆ ಪಲ್ಯ ಬಡಿಸಿಕೊಂಡು ಹೋಗುತ್ತಾರಲ್ಲ, ಹಾಗೆ. ಹಾಗಾಗಿಯೇ 3ನೇ ಚಿತ್ರದ ಹಸಿರು 40ನೇ ಚಿತ್ರದ ಹಸಿರೇ. ಸರಣಿ ಉದ್ದಕ್ಕೂ ಒಂದೇ ಉಸಿರಿನಲ್ಲಿ ಹೇಳಿದ ಹಾಗೆ ಅನಿಸುವುದಕ್ಕೆ ಇದೂ ಒಂದು ಕಾರಣ.

ಈಗ ಆಮೇಲೆ ಏನಾಯಿತು ನೋಡಿ. ಎರಡು ದೊಡ್ಡ ಮ್ಯೂಸಿಯಂಗಳು ಈ ಸರಣಿಯನ್ನು ಕೊಳ್ಳಲು ಮುಂದೆ ಬಂದವು, ಕೊನೆಗೆ ಹಂಚಿಕೊಂಡವು. ಸಮಸಂಖ್ಯೆಯ 30 ಚಿತ್ರ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ಗೆ ಹೋದವು. ಬೆಸಸಂಖ್ಯೆಯ 30 ವಾಷಿಂಗ್ಟನ್ನಿನ ಫಿಲಿಪ್ಸ್ ಕಲೆಕ್ಷನ್‌ಗೆ. ಅಂದರೆ ನೇಣಿನ ಕುಣಿಕೆ ಒಂದು ಊರಿನಲ್ಲಿ, ಬೋರ್ಡಿನ ಮುಂದಿನ ಹುಡುಗಿಯರು ಇನ್ನೊಂದು ಊರಿನಲ್ಲಿ. ಆಗೊಮ್ಮೆ ಈಗೊಮ್ಮೆ ಎರಡೂ ಭಾಗಗಳನ್ನು ಸೇರಿಸಿ ಪ್ರದರ್ಶನ ಮಾಡುತ್ತಾರೆ, ನಿಜ. ಆದರೆ ಆ ತಿಂಗಳುಗಳಲ್ಲಿ ಆ ಊರಿನಲ್ಲಿ ಇರುವ ಅದೃಷ್ಟ ಎಷ್ಟು ಜನರಿಗೆ ಇರುತ್ತದೆ? ಅಮೆರಿಕದವರಿಗೇ ಕಷ್ಟ. ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ಕೂತವರ ಮಾತು ಬಿಡಿ.

ಇವತ್ತು ಅಷ್ಟೂ 60 ಚಿತ್ರಗಳು ಅಂತರ್ಜಾಲದಲ್ಲಿವೆ, ಸಾಲಾಗಿ, ಒಕ್ಕಣೆ ಸಮೇತ. ಸಂಜೆ ಮನೆಯಲ್ಲಿ ಕೂತು 1ರಿಂದ 60ರವರೆಗೆ ಓದಬಹುದು. ಗೋಡೆಯ ಮೇಲೆ ಒಡೆದುಹೋದ ಕಥೆ ಪರದೆಯ ಮೇಲೆ ಕೂಡಿಕೊಂಡಿದೆ. ಕಪ್ಪು ಕಲಾವಿದರ ಕೆಲಸವನ್ನು ಹುಡುಕಿ, ಒಳ್ಳೆಯ ಫೋಟೊ ಹಾಕಿ, ಯಾರು, ಯಾವಾಗ, ಯಾವುದರಿಂದ ಮಾಡಿದರು ಅಂತ ಬರೆದು ಹಂಚುವವರ ಬಗ್ಗೆ ನನಗೆ ತುಂಬ ಕೃತಜ್ಞತೆ ಇದೆ. ಈ ಕೆಲಸ ಯಾಕೆ ಇಷ್ಟು ದೊಡ್ಡದು, ಮತ್ತು ಪರದೆಯ ಮೇಲೆ ನೋಡುವಾಗ ಏನು ಸಿಗುತ್ತದೆ, ಏನು ಕೈತಪ್ಪುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ಹಳೆಯ ಗಾಯದ ವಿಷಯ. 1969ರ ಜನವರಿಯಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಹಾರ್ಲೆಮ್ ಬಗ್ಗೆ ಒಂದು ಭಾರಿ ಪ್ರದರ್ಶನ ಮಾಡಿತು. ಹೆಸರು ‘ಹಾರ್ಲೆಮ್ ಆನ್ ಮೈ ಮೈಂಡ್’. ಗೋಡೆ ತುಂಬ ದೊಡ್ಡ ದೊಡ್ಡ ಫೋಟೊಗಳು, ಧ್ವನಿಮುದ್ರಣಗಳು, ಪತ್ರಿಕೆ ತುಣುಕುಗಳು. ಆದರೆ ಕಪ್ಪು ಕಲಾವಿದರ ಒಂದೇ ಒಂದು ವರ್ಣಚಿತ್ರ ಇರಲಿಲ್ಲ, ಒಂದು ಶಿಲ್ಪ ಇರಲಿಲ್ಲ. ಹಾರ್ಲೆಮ್‌ನಲ್ಲೇ ಬೆಳೆದ ಲಾರೆನ್ಸ್ ಅವರದೂ ಇಲ್ಲ, ಅದೇ ಊರಿನ ರೊಮೇರ್ ಬೇರ್ಡನ್ ಅವರದೂ ಇಲ್ಲ. ಒಂದು ಊರಿನ ಬಗ್ಗೆ ಕಲಾ ಮ್ಯೂಸಿಯಂ ಪ್ರದರ್ಶನ ಮಾಡುತ್ತದೆ, ಆ ಊರಿನ ಕಲಾವಿದರನ್ನೇ ಹೊರಗಿಡುತ್ತದೆ! ಬೆನ್ನಿ ಆಂಡ್ರ್ಯೂಸ್ ಮೊದಲಾದ ಕಲಾವಿದರು ಬೋರ್ಡು ಹಿಡಿದು ಮ್ಯೂಸಿಯಂ ಮುಂದೆ ಪ್ರತಿಭಟಿಸಿದರು. ಆ ಪ್ರದರ್ಶನದಿಂದ ಒಂದು ಒಳ್ಳೆಯದೂ ಆಯಿತು, ಅದನ್ನು ಹೇಳಲೇಬೇಕು. ಹಾರ್ಲೆಮ್‌ನಲ್ಲಿ ದಶಕಗಟ್ಟಲೆ ಸ್ಟುಡಿಯೊ ನಡೆಸಿ, ಮದುವೆ, ಮೆರವಣಿಗೆ, ಸಂಸಾರ ಅಂತ ಜನರ ಫೋಟೊ ತೆಗೆದಿದ್ದ ಜೇಮ್ಸ್ ವ್ಯಾನ್ ಡರ್ ಝೀ 80 ದಾಟಿದ ಮೇಲೆ ಹೊರಗಿನ ಜಗತ್ತಿಗೆ ಗೊತ್ತಾದರು.

ಅದಾಗಿ ಏಳು ವರ್ಷಕ್ಕೆ, 1976ರಲ್ಲಿ, ಡೇವಿಡ್ ಡ್ರಿಸ್ಕೆಲ್ ಎಂಬ ಕಲಾವಿದ ಮತ್ತು ಪ್ರಾಧ್ಯಾಪಕರು ಲಾಸ್ ಏಂಜಲೀಸಿನ ಕೌಂಟಿ ಮ್ಯೂಸಿಯಂನಲ್ಲಿ ಎರಡು ಶತಮಾನಗಳ ಕಪ್ಪು ಅಮೆರಿಕನ್ ಕಲೆಯನ್ನು ಒಟ್ಟಿಗೆ ತಂದು ತೋರಿಸಿದರು. ಎರಡು ಶತಮಾನ! ಕಲೆ ಅಷ್ಟು ದಿನದಿಂದ ಇತ್ತು. ನೋಡುವವರಿಗೂ ಬರವಿರಲಿಲ್ಲ. ತೋರಿಸುವವರಿಗೆ ಮಾತ್ರ ಮನಸ್ಸಿರಲಿಲ್ಲ. ನನ್ನ ಮಾತಿನ ತಿರುಳು ಇಷ್ಟೇ. ಕಲೆ ಹುಟ್ಟುವುದು ಒಂದು ಸಲ, ಅದು ಕಣ್ಣಿಗೆ ಬೀಳಲು ಬೇರೆಯವರು ಕೆಲಸ ಮಾಡಬೇಕು. ಆ ಕೆಲಸ ಸರಿಯಾಗಿ ಆಗದಿದ್ದರೆ ಚಿತ್ರ ಕಣ್ಣ ಮುಂದೆ ಇದ್ದರೂ ಕಾಣುವುದಿಲ್ಲ.

‘ಕಾಣುವುದಿಲ್ಲ’ ಅಂದದ್ದು ಅಕ್ಷರಶಃ. ಕೆರ್ರಿ ಜೇಮ್ಸ್ ಮಾರ್ಷಲ್ ಅವರ ಚಿತ್ರಗಳನ್ನೇ ತೆಗೆದುಕೊಳ್ಳಿ. ಹುಟ್ಟಿದ್ದು 1955ರಲ್ಲಿ, ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ. ಹುಡುಗನಾಗಿದ್ದಾಗಲೇ ಲಾಸ್ ಏಂಜಲೀಸಿಗೆ ಬಂದರು, ಆಮೇಲೆ ಷಿಕಾಗೋದಲ್ಲಿ ನೆಲೆಸಿದರು. 1980ರಲ್ಲಿ ಒಂದು ಪುಟ್ಟ ಚಿತ್ರ ಬರೆದರು, ನೋಟ್‌ಬುಕ್ಕಿಗಿಂತ ದೊಡ್ಡದಲ್ಲ. ಕಡುಗಪ್ಪು ಹಿನ್ನೆಲೆ, ಅದರ ಮುಂದೆ ಕಡುಗಪ್ಪು ಮನುಷ್ಯ. ಮೊದಲ ನೋಟಕ್ಕೆ ಕಾಣುವುದು ಎರಡು ಬಿಳಿ ಕಣ್ಣು, ಹಲ್ಲು ಬಿಟ್ಟ ನಗು, ಅಂಗಿಯ ಒಂದು ಚೂರು ಬಿಳಿ. ಮುಖ ಕಾಣಬೇಕಾದರೆ ನಿಂತು ನೋಡಬೇಕು. ನೋಡುತ್ತ ನೋಡುತ್ತ ಕಪ್ಪಿನಿಂದ ಕಪ್ಪು ಬೇರೆಯಾಗುತ್ತದೆ. ಕಿವಿ ಬರುತ್ತದೆ, ಟೋಪಿಯ ಅಂಚು ಬರುತ್ತದೆ.

ಅಲ್ಲಿಂದ ಮುಂದೆ ಅವರು ಮನುಷ್ಯರನ್ನು ಕಂದು ಬಣ್ಣದಲ್ಲಿ ಬರೆಯುವುದನ್ನು ಬಿಟ್ಟು ನೇರ ಕಪ್ಪಿಗೇ ಬಂದರು. ಆದರೆ ಅದು ಡಬ್ಬಿಯಿಂದ ತೆಗೆದು ಬಳಿದ ಒಂದೇ ಕಪ್ಪಲ್ಲ. ಐವರಿ ಬ್ಲ್ಯಾಕ್, ಕಾರ್ಬನ್ ಬ್ಲ್ಯಾಕ್, ಕಬ್ಬಿಣದ ಆಕ್ಸೈಡಿನಿಂದ ಮಾಡುವ ಮಾರ್ಸ್ ಬ್ಲ್ಯಾಕ್, ಹೀಗೆ ಮೂರು ಬಗೆಯ ಕಪ್ಪು. ಅವುಗಳಿಗೆ ಕೋಬಾಲ್ಟ್ ನೀಲಿ, ಕ್ರೋಮಿಯಂ ಹಸಿರು, ನೇರಳೆ ಸೇರಿಸಿ ಒಂದನ್ನು ಬೆಚ್ಚಗೆ, ಇನ್ನೊಂದನ್ನು ತಣ್ಣಗೆ ಮಾಡುತ್ತಾರೆ. ಕೆನ್ನೆಯ ಉಬ್ಬು, ಕತ್ತಿನ ನೆರಳು, ಕೂದಲು ಎಲ್ಲ ಕಪ್ಪಿನೊಳಗೇ ಬೇರೆ ಬೇರೆ. ಬಿಳಿ ಸೇರಿಸಿ ತಿಳಿಯಾಗಿಸುವ ಸುಲಭದ ದಾರಿ ಅವರಿಗೆ ಬೇಡ.

ಇದನ್ನು ಫೋನಿನಲ್ಲಿ ನೋಡಿದರೆ ಏನಾಗುತ್ತದೆ? ತುಂಬ ಸಲ ಒಂದು ಚಪ್ಪಟೆ ಕಪ್ಪು ಆಕೃತಿ ಕಾಣುತ್ತದೆ, ಕತ್ತರಿಸಿ ಅಂಟಿಸಿದ ಕಾಗದದ ಹಾಗೆ. ಅದಕ್ಕೆ ಕಾರಣ ಒಂದಲ್ಲ. ಕ್ಯಾಮೆರಾವನ್ನು ಆಟೊ ಮೋಡಿನಲ್ಲಿ ಬಿಟ್ಟರೆ ಅದು ತನ್ನ ಮುಂದಿರುವುದೆಲ್ಲ ಸೇರಿ ಸರಾಸರಿ ಮಧ್ಯಮ ಬೂದು ಅಂದುಕೊಂಡು ಬೆಳಕನ್ನು ಅಳೆಯುತ್ತದೆ. ಬಿಳಿ ಗೋಡೆಯ ಮೇಲಿನ ಕಪ್ಪು ಚಿತ್ರ ತೆಗೆದರೆ, ‘ಬೆಳಕು ಜಾಸ್ತಿ’ ಅಂತ ತಿಳಿದು ಕಡಿಮೆ ಮಾಡುತ್ತದೆ, ಆಗ ಕಪ್ಪುಗಳೆಲ್ಲ ಒಂದೇ ಆಗಿ ಮುಳುಗುತ್ತವೆ. ಹತ್ತಿರ ಹೋಗಿ ಕಪ್ಪನ್ನೇ ತುಂಬಿಸಿ ತೆಗೆದರೆ, ‘ಬೆಳಕು ಸಾಲದು’ ಅಂತ ಎತ್ತಿಬಿಡುತ್ತದೆ, ಆಗ ಕಪ್ಪು ಹೋಗಿ ಮಬ್ಬು ಬೂದು ಬರುತ್ತದೆ. ಎರಡೂ ತಪ್ಪು. ಇದರ ಮೇಲೆ ಜೆಪಿಇಜಿ ಫೈಲು. ಸಾಮಾನ್ಯ ಫೋಟೊ ಫೈಲಿನಲ್ಲಿ ಕೆಂಪು, ಹಸಿರು, ನೀಲಿಗೆ ತಲಾ 256 ಮೆಟ್ಟಿಲು. ಗಾತ್ರ ಇಳಿಸುವಾಗ ಹತ್ತಿರ ಹತ್ತಿರದ ಸಣ್ಣ ವ್ಯತ್ಯಾಸಗಳನ್ನು ಅದು ಎಸೆಯುತ್ತದೆ, ಗಾಢ ಬಣ್ಣದಲ್ಲಂತೂ ಅದು ಬೇಗ ಗೊತ್ತಾಗುತ್ತದೆ. ಮಾರ್ಷಲ್ ಅವರ ಕೆಲಸದ ಜೀವ ಇರುವುದೇ ಆ ಸಣ್ಣ ವ್ಯತ್ಯಾಸಗಳಲ್ಲಿ. ಕೊನೆಗೆ ನಮ್ಮ ಫೋನಿನ ಗಾಜು: ಕಪ್ಪು ಚಿತ್ರ ತೆರೆದರೆ ಟ್ಯೂಬ್‌ಲೈಟೂ ನಮ್ಮ ಮುಖವೂ ಅದರಲ್ಲಿ ಕಾಣುತ್ತವೆ.

ಹಾಗಾಗಿ ಇಂಥ ಚಿತ್ರ ನೋಡುವಾಗ ಒಂದಿಷ್ಟು ತಯಾರಿ ಬೇಕು. ಪರದೆಯ ಬೆಳಕು ಪೂರ್ತಿ ಏರಿಸಿ. ರಾತ್ರಿ ಹಳದಿ ಮಾಡುವ ಸೆಟ್ಟಿಂಗ್ ಆಫ್ ಮಾಡಿ. ಕೋಣೆಯ ದೀಪ ಬೆನ್ನ ಹಿಂದೆ ಇರದ ಹಾಗೆ ಕೂತುಕೊಳ್ಳಿ. ಯಾರೋ ನಡೆದುಹೋಗುತ್ತ ತೆಗೆದ ಫೋಟೊ ಬಿಟ್ಟು ಮ್ಯೂಸಿಯಂನವರೇ ತೆಗೆದ ದೊಡ್ಡ ಫೋಟೊ ಹುಡುಕಿ. ಅದರಲ್ಲಿ ಬೆರಳಿನಿಂದ ಹಿಗ್ಗಿಸಿ ಮುಖದ ಮೇಲೆ ನಿಲ್ಲಿಸಿ, ಸ್ವಲ್ಪ ಹೊತ್ತು ಕಾಯಿರಿ. ಕಪ್ಪಿನೊಳಗಿನ ನೀಲಿ ನಿಧಾನಕ್ಕೆ ಕಾಣಲು ಶುರುವಾಗುತ್ತದೆ.

ಅವರದೇ 2012ರ ಒಂದು ಚಿತ್ರದಲ್ಲಿ ಫೋನು ಹಿಡಿದವರಿಗೆ ಒಂದು ವಿಶೇಷ ಲಾಭ ಇದೆ. ಕಪ್ಪು ಹೆಂಗಸರ ಒಂದು ಬ್ಯೂಟಿ ಪಾರ್ಲರು, ತುಂಬ ಜನ, ಕನ್ನಡಿ, ಕನ್ನಡಿಯಲ್ಲಿ ಕ್ಯಾಮೆರಾ ಫ್ಲ್ಯಾಶಿನ ಹೊಳಪು. ಮುಂಭಾಗದಲ್ಲಿ ನೆಲದ ಹತ್ತಿರ ಏನೋ ಹಳದಿ ಉದ್ದನೆಯ ವಿಚಿತ್ರ ಆಕಾರ ತೇಲುತ್ತಿದೆ. ಒಂದು ಪುಟ್ಟ ಮಗು ಮಾತ್ರ ಬಗ್ಗಿ ಅದನ್ನು ನೋಡುತ್ತಿದೆ. ನೇರವಾಗಿ ನೋಡಿದರೆ ಅರ್ಥವಾಗುವುದಿಲ್ಲ. ಫೋನನ್ನು ಓರೆಯಾಗಿ ಹಿಡಿದು ಪಕ್ಕದಿಂದ ನೋಡಿ: ಹೊಂಬಣ್ಣದ ಕೂದಲಿನ ಕಾರ್ಟೂನ್ ರಾಜಕುಮಾರಿಯ ಮುಖ, ‘ಸ್ಲೀಪಿಂಗ್ ಬ್ಯೂಟಿ’. 1533ರಲ್ಲಿ ಹೋಲ್ಬೈನ್ ಎಂಬ ಜರ್ಮನ್ ಚಿತ್ರಕಾರ ಇದೇ ತಂತ್ರದಲ್ಲಿ ಇಬ್ಬರು ರಾಯಭಾರಿಗಳ ಕಾಲಬುಡದಲ್ಲಿ ಒಂದು ತಲೆಬುರುಡೆ ಬರೆದಿದ್ದ. ಅಲ್ಲಿ ಸಾವು ಅಡಗಿ ಕೂತಿತ್ತು. ಇಲ್ಲಿ ಅಡಗಿ ಕೂತದ್ದು ಬಿಳಿ ಚೆಲುವು. ಕಪ್ಪು ಹೆಂಗಸರು ತಮ್ಮಷ್ಟಕ್ಕೆ ತಾವು ಸಿಂಗರಿಸಿಕೊಂಡು ನಗುತ್ತಿರುವ ಕೋಣೆಯಲ್ಲೂ ಅದು ಬಂದು ತೂರಿಕೊಂಡಿದೆ, ಅದನ್ನು ಗಮನಿಸಿದ್ದು ಇನ್ನೂ ಏನೂ ಅರಿಯದ ಮಗು. ನನಗೆ ಗೊತ್ತಿರುವ ಈಚಿನ ಚಿತ್ರಗಳಲ್ಲಿ ಇಷ್ಟು ವಿಷಯವನ್ನು ಇಷ್ಟು ಸಲೀಸಾಗಿ ಹೇಳಿದ್ದು ಕಡಿಮೆ.

ಕ್ಯಾಮೆರಾದ ವಿಷಯ ಬಂತಲ್ಲ, ಅದಕ್ಕೆ ಹಿಂದಿನ ಕಥೆಯೂ ಇದೆ. ಕಲರ್ ಫಿಲ್ಮ್ ಕಾಲದಲ್ಲಿ ಫೋಟೊ ಲ್ಯಾಬುಗಳಿಗೆ ಬಣ್ಣ ಹೊಂದಿಸಿಕೊಳ್ಳಲು ಕೊಡಾಕ್ ಕಂಪನಿ ಒಂದು ಮಾದರಿ ಕಾರ್ಡು ಕಳಿಸುತ್ತಿತ್ತು. ಕಾರ್ಡಿನಲ್ಲಿ ಒಬ್ಬ ಬಿಳಿ ಹೆಂಗಸಿನ ಫೋಟೊ. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ ‘ಶರ್ಲಿ ಕಾರ್ಡ್’ ಅನ್ನುವ ಹೆಸರೇ ಬಿತ್ತು. ಆಕೆಯ ಚರ್ಮ ಸರಿಯಾಗಿ ಬಂದರೆ ಬಣ್ಣ ಸರಿ ಅಂತ ಲೆಕ್ಕ. ಹಾಗಾಗಿ ಕಪ್ಪು ಮಗು, ಬಿಳಿ ಮಗು ಪಕ್ಕಪಕ್ಕ ನಿಂತ ಶಾಲೆ ಫೋಟೊದಲ್ಲಿ ಬಿಳಿ ಮಗುವಿನ ಮುಖ ಚೆನ್ನಾಗಿ ಬರುತ್ತಿತ್ತು, ಕಪ್ಪು ಮಗುವಿನ ಮುಖದಲ್ಲಿ ಕಣ್ಣು ಹಲ್ಲು ಬಿಟ್ಟು ಮಿಕ್ಕಿದ್ದೆಲ್ಲ ಕತ್ತಲು. ಫಿಲ್ಮು ಸುಧಾರಿಸಲು ಒತ್ತಡ ಬಂದದ್ದು ಎಲ್ಲಿಂದ ಗೊತ್ತಾ? ಚಾಕೊಲೇಟ್ ಮಾಡುವವರಿಂದ, ಮರದ ಪೀಠೋಪಕರಣ ಮಾಡುವವರಿಂದ. ತಮ್ಮ ಜಾಹೀರಾತುಗಳಲ್ಲಿ ಕಂದಿನ ಛಾಯೆಗಳು ಸರಿಯಾಗಿ ಬರುತ್ತಿಲ್ಲ ಅಂತ ಅವರು ದೂರಿದರು. ಅಷ್ಟು ವರ್ಷ ಕಪ್ಪು ಜನ ಅನುಭವಿಸಿದ್ದು ಲೆಕ್ಕಕ್ಕೆ ಬರಲಿಲ್ಲ, ಚಾಕೊಲೇಟು ಬಂತು. ಇದನ್ನು ಓದಿದಾಗ ಹೊಟ್ಟೆ ಉರಿಯುತ್ತದೆ.

ಆದರೆ ಕಪ್ಪು ಛಾಯಾಗ್ರಾಹಕರು ಅಷ್ಟರವರೆಗೆ ಕಾದು ಕೂರಲಿಲ್ಲ. ರಾಯ್ ಡಿಕರಾವ, 1919ರಲ್ಲಿ ಹಾರ್ಲೆಮ್‌ನಲ್ಲೇ ಹುಟ್ಟಿದವರು, 1952ರಲ್ಲಿ ಗುಗೆನ್‌ಹೈಮ್ ಫೆಲೊಶಿಪ್ ಪಡೆದ ಮೊದಲ ಕಪ್ಪು ಛಾಯಾಗ್ರಾಹಕ. ಅವರ ಕಪ್ಪು ಬಿಳುಪು ಫೋಟೊಗಳಲ್ಲಿ ಬಿಳಿ ಕಡಿಮೆ. ಫ್ಲ್ಯಾಶು ಹಾಕುತ್ತಿರಲಿಲ್ಲ, ಇದ್ದ ಬೆಳಕಿನಲ್ಲೇ ತೆಗೆಯುತ್ತಿದ್ದರು. ಪ್ರಿಂಟು ಹಾಕುವಾಗ ಮುಖವನ್ನು ಬೆಳ್ಳಗೆ ಮಾಡಲು ಹೋಗುತ್ತಿರಲಿಲ್ಲ, ಗಾಢ ಬೂದುಗಳನ್ನು ಒಂದರ ಪಕ್ಕ ಒಂದು ಇಟ್ಟು ಮುಖ ಮೂಡಿಸುತ್ತಿದ್ದರು. 1953ರಲ್ಲಿ ತೆಗೆದ ಒಂದು ಫೋಟೊದಲ್ಲಿ ಬಡ ಬಾಡಿಗೆ ಕಟ್ಟಡದ ಇಕ್ಕಟ್ಟಾದ ಓಣಿಯಂಥ ಹಜಾರ, ಒಂದು ಮಂಕು ಬಲ್ಬು. ಮನುಷ್ಯರೇ ಇಲ್ಲ. ಆದರೂ ಅಲ್ಲಿ ಬಾಳಿದವರೆಲ್ಲ ಇದ್ದಾರೆ ಅನಿಸುತ್ತದೆ. ಮಾರ್ಷಲ್ ಬಣ್ಣದಲ್ಲಿ ಮಾಡಿದ್ದನ್ನು ಡಿಕರಾವ ಬಹಳ ಮೊದಲೇ ಡಾರ್ಕ್‌ರೂಮಿನಲ್ಲಿ ಮಾಡಿದ್ದರು. ಒಬ್ಬರ ಪಕ್ಕ ಒಬ್ಬರನ್ನು ಇಟ್ಟು ನೋಡಿದಾಗ ಮಾತ್ರ ಇದು ಹೊಳೆಯುತ್ತದೆ, ಮತ್ತು ಹೀಗೆ ಪಕ್ಕಪಕ್ಕ ಇಟ್ಟು ತೋರಿಸುವುದರಲ್ಲಿ ಅಂತರ್ಜಾಲಕ್ಕೆ ಸಮ ಇಲ್ಲ.

ಏಮಿ ಶೆರಲ್ಡ್ ಹಿಡಿದದ್ದು ಇನ್ನೊಂದೇ ದಾರಿ. ಅವರ ಚಿತ್ರಗಳಲ್ಲಿ ಬಟ್ಟೆ, ಹಿನ್ನೆಲೆ ಎಲ್ಲ ಝಗಮಗ ಬಣ್ಣ, ಚರ್ಮ ಮಾತ್ರ ಬೂದು. ಕಪ್ಪಿಗೆ ನೇಪಲ್ಸ್ ಹಳದಿ ಬೆರೆಸಿ ಆ ಬೂದು ಮಾಡುತ್ತಾರೆ. ಯಾಕೆ ಹೀಗೆ? ಚರ್ಮದ ಬಣ್ಣ ನೋಡಿದ ತಕ್ಷಣ ನಮ್ಮ ತಲೆ ಒಂದಿಷ್ಟು ತೀರ್ಮಾನ ಮಾಡಿಬಿಡುತ್ತದೆ ಅಲ್ವಾ, ಆ ತೀರ್ಮಾನಕ್ಕೆ ಮೊದಲು ಆ ಮನುಷ್ಯನನ್ನು ನೋಡಲಿ ಅಂತ. 2018ರ ಫೆಬ್ರವರಿಯಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ ಅವರು ಬರೆದ ಮಿಶೆಲ್ ಒಬಾಮಾ ಚಿತ್ರವನ್ನು ಅನಾವರಣ ಮಾಡಿದರು. ಅದೇ ದಿನ ಕೆಹಿಂಡೆ ವೈಲಿ ಬರೆದ ಬರಾಕ್ ಒಬಾಮಾ ಚಿತ್ರವೂ ಹೊರಬಂತು. ಕೆಲವೇ ದಿನಗಳಲ್ಲಿ ಇನ್ನೊಂದು ಫೋಟೊ ಎಲ್ಲ ಕಡೆ ಹರಿದಾಡಿತು: ಎರಡು ವರ್ಷದ ಒಂದು ಹೆಣ್ಣು ಮಗು ಬಾಯಿ ತೆರೆದುಕೊಂಡು ಆ ಚಿತ್ರವನ್ನೇ ನೋಡುತ್ತ ನಿಂತಿದೆ. ಆ ಫೋಟೊ ನೋಡಿ ಚಿತ್ರದ ಬಗ್ಗೆ ತಿಳಿದವರು ಎಷ್ಟೋ ಜನ. ಅಂಥ ಹರಿದಾಟವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಒಂದು ಮಗು ತನ್ನಂಥವರ ಚಿತ್ರ ನೋಡಿದ ಗಳಿಗೆ ಅದು.

ಆ ಚಿತ್ರದಲ್ಲಿ ನೀವು ಹಿಗ್ಗಿಸಿ ನೋಡಬೇಕಾದದ್ದು ಮುಖಕ್ಕಿಂತ ಉಡುಪು. ಚಿತ್ರದ ಅರ್ಧಕ್ಕಿಂತ ಜಾಸ್ತಿ ಜಾಗ ತುಂಬಿದ ಬಿಳಿ ನಿಲುವಂಗಿ, ಅಲ್ಲಲ್ಲಿ ಕಪ್ಪು, ಕೆಂಪು, ಗುಲಾಬಿ, ಹಳದಿ ಪಟ್ಟಿಗಳು. ಅದು ಬಟ್ಟೆಯಂಗಡಿಯ ವಿನ್ಯಾಸವೇ, ಆದರೆ ಆ ಪಟ್ಟಿಗಳು ಜೀಸ್ ಬೆಂಡ್ ಹೆಂಗಸರ ಕೌದಿಗಳನ್ನು ನೆನಪಿಸುತ್ತವೆ ಅಂತ ಶೆರಲ್ಡ್ ಅವತ್ತೇ ಹೇಳಿದರು.

ಕೌದಿ ಅಂದರೆ ಉತ್ತರ ಕರ್ನಾಟಕದವರಿಗೆ ವಿವರಿಸಬೇಕಿಲ್ಲ. ಜೀಸ್ ಬೆಂಡ್ ಅಲಬಾಮಾ ನದಿಯ ಒಂದು ದೊಡ್ಡ ತಿರುವಿನಲ್ಲಿರುವ ಊರು, ಮೂರು ಕಡೆ ನೀರು. ಅಲ್ಲಿನ ಬಹಳಷ್ಟು ಜನರ ಅಡ್ಡಹೆಸರು ಪೆಟ್ವೇ. ಅದು ಅವರ ಹಿರಿಯರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ ಜಮೀನ್ದಾರನ ಹೆಸರು. 1960ರ ದಶಕದಲ್ಲಿ ಜನ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೊರಟ ಹೊತ್ತಿಗೆ ನದಿ ದಾಟಿಸುವ ದೋಣಿ ನಿಂತುಹೋಯಿತು, ಮತ್ತೆ ಶುರುವಾಗಿದ್ದು 2006ರಲ್ಲಿ. ಈ ಊರಿನ ಹೆಂಗಸರು ತಲೆಮಾರುಗಳಿಂದ ಹಳೆ ಬಟ್ಟೆಯಲ್ಲಿ ಕೌದಿ ಹೊಲಿಯುತ್ತಿದ್ದರು. ಚಳಿಗೆ ಹೊದೆಯಲು, ಗೋಡೆಯ ಸಂದಿಯಿಂದ ಬರುವ ಗಾಳಿ ತಡೆಯಲು.

ಮಿಸೌರಿ ಪೆಟ್ವೇ 1942ರಲ್ಲಿ ಹೊಲಿದ ಒಂದು ಕೌದಿ ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿದೆ. ಏಳೂವರೆ ಅಡಿ ಉದ್ದ. ಗಂಡ ತೀರಿಹೋಗಿದ್ದ. ಅವನು ಹೊಲಕ್ಕೆ ಹಾಕಿಕೊಂಡು ಹೋಗುತ್ತಿದ್ದ ಬಟ್ಟೆಗಳನ್ನೇ ಕತ್ತರಿಸಿ, ಅವನ ನೆನಪಿಗೆ, ಅದರಡಿ ಮಲಗಲು ಈ ಕೌದಿ ಮಾಡಿದರು ಅಂತ ಮಗಳು ಆರ್ಲೋಂಜಿಯಾ ಮುಂದೆ ಹೇಳಿದ್ದಾರೆ. ಈ ಮಾತು ಗೊತ್ತಿಲ್ಲದೆ ನೋಡಿದರೆ ಮಾಸಿದ ಬಟ್ಟೆಯ ಆಯತಗಳು, ಸುಂದರವಾಗಿವೆ ಅಷ್ಟೇ. ಗೊತ್ತಾದ ಮೇಲೆ ಪ್ರತಿ ಕಲೆ, ಪ್ರತಿ ಸವೆತ ಒಬ್ಬ ಮನುಷ್ಯನ ಮೈ ಉಜ್ಜಿದ ಗುರುತು. ಚಿತ್ರದ ಕೆಳಗೆ ಎರಡು ಸಾಲು ಬರೆಯುವವರು ಏನು ಉಪಕಾರ ಮಾಡುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

2002ರಲ್ಲಿ ಹ್ಯೂಸ್ಟನ್ನಿನ ಫೈನ್ ಆರ್ಟ್ಸ್ ಮ್ಯೂಸಿಯಂನಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಈ ಕೌದಿಗಳನ್ನು ತೂಗುಹಾಕಿದರು. ಜನ ಮುಗಿಬಿದ್ದರು. 2006ರಲ್ಲಿ ಅಂಚೆಚೀಟಿಯೂ ಬಂತು. ವಿನ್ಯಾಸಗಳು ರಗ್ಗು, ಗ್ರೀಟಿಂಗ್ ಕಾರ್ಡು ಅಂತ ಎಲ್ಲದರ ಮೇಲೂ ಹೋದವು. ನಮಗೆ ಸಿಗಬೇಕಾದ ಪಾಲು ಸಿಕ್ಕಿಲ್ಲ ಅಂತ 2007ರಲ್ಲಿ ಕೆಲವು ಹೆಂಗಸರು ಕೋರ್ಟಿಗೂ ಹೋದರು, ಮರುವರ್ಷ ಅದು ಇತ್ಯರ್ಥವಾಯಿತು. ಕಲೆ ಎಲ್ಲರ ಕಣ್ಣಿಗೆ ಬಿದ್ದ ಮೇಲೆ ಹಣ ಎತ್ತ ಹರಿಯುತ್ತದೆ ಅನ್ನುವುದು ಬಿಡಲಾಗದ ಪ್ರಶ್ನೆ. ಮಾರ್ಷಲ್ ಅವರ 1997ರ ಒಂದು ದೊಡ್ಡ ಚಿತ್ರವಿದೆ. ಉದ್ಯಾನದಲ್ಲಿ ಕಪ್ಪು ಸಂಸಾರವೊಂದು ಆರಾಮಾಗಿ ಕೂತಿದೆ, ಪಕ್ಕದ ರೇಡಿಯೊದಿಂದ ಹಾಡಿನ ಸಾಲುಗಳು ರಿಬ್ಬನ್ನಿನಂತೆ ಹೊರಬರುತ್ತಿವೆ. ಅದನ್ನು ಷಿಕಾಗೋದ ಒಂದು ಸಾರ್ವಜನಿಕ ಸಂಸ್ಥೆ 25,000 ಡಾಲರಿಗೆ ಕೊಂಡಿತ್ತು. 2018ರಲ್ಲಿ ಹರಾಜಿನಲ್ಲಿ 2.11 ಕೋಟಿ ಡಾಲರಿಗೆ ಮಾರಿತು. ಪತ್ರಿಕೆಗಳ ತುಂಬ ಅದೇ ಸುದ್ದಿ. ಬೆಲೆ ಎಷ್ಟು ಅಂತ ಎಲ್ಲರೂ ಬರೆದರು, ಚಿತ್ರದಲ್ಲಿ ಏನಿದೆ ಅಂತ ಬರೆದವರು ಕಡಿಮೆ. ಇನ್ನೊಬ್ಬ ಕಪ್ಪು ಕಲಾವಿದ ಬಾಸ್ಕಿಯಾ 1982ರಲ್ಲಿ ಬರೆದ ಚಿತ್ರವೊಂದು 2017ರಲ್ಲಿ 11 ಕೋಟಿ ಡಾಲರು ದಾಟಿದಾಗಲೂ ಹೀಗೇ. ಬೆಲೆಯ ಸುದ್ದಿಯಿಂದ ಕಲಾವಿದನ ಹೆಸರು ಗೊತ್ತಾಗುತ್ತದೆ, ನಿಜ. ಆದರೆ ಕಣ್ಣಿಗೆ ಏನೂ ಸಿಗುವುದಿಲ್ಲ.

ಇನ್ನೊಂದು ಮಾತು. ಕಪ್ಪು ಕಲಾವಿದರ ಕಲೆ ಅಂದರೆ ನೋವಿನ ಕಥೆ ಮಾತ್ರ ಅಂದುಕೊಳ್ಳಬೇಡಿ. ಆಲ್ಮಾ ಥಾಮಸ್ ವಾಷಿಂಗ್ಟನ್ನಿನಲ್ಲಿ 35 ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಟೀಚರಾಗಿದ್ದರು. ನಿವೃತ್ತಿಯ ಮೇಲೆ ಪೂರ್ತಿ ಚಿತ್ರಕ್ಕೆ ಕೂತರು. ಹೂವಿನ ಪಾತಿ, ಕಿಟಕಿಯಾಚೆಯ ಎಲೆ, ಚಂದ್ರನತ್ತ ಹೋದ ಅಮೆರಿಕದ ಅಪೊಲೊ ಯಾನ, ಇವೇ ವಸ್ತು. ಬಣ್ಣದ ಚಿಕ್ಕ ಚಿಕ್ಕ ಬಿಲ್ಲೆಗಳನ್ನು ಸಾಲಾಗಿ, ವೃತ್ತವಾಗಿ ಜೋಡಿಸಿದ ಚಿತ್ರಗಳು. 1972ರಲ್ಲಿ, 80ನೇ ವಯಸ್ಸಿನಲ್ಲಿ, ವಿಟ್ನಿಯಲ್ಲಿ ಒಬ್ಬರದೇ ಪ್ರದರ್ಶನ ಆದ ಮೊದಲ ಕಪ್ಪು ಮಹಿಳೆ ಅವರು. ಮನಸ್ಸು ಭಾರವಾದ ದಿನ ಅವರ ಚಿತ್ರ ತೆರೆದು ನೋಡಿ.

ಈಗ ನಮ್ಮ ಹತ್ತಿರದ ಮಾತಿಗೆ ಬರುತ್ತೇನೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ಅವರಲ್ಲಿ ಬಹಳ ಜನ ಗೋವಾದಲ್ಲಿ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಹಿಂದೂ, ಮುಸ್ಲಿಂ, ಕ್ರೈಸ್ತ, ಮೂರೂ ಧರ್ಮದವರಿದ್ದಾರೆ. ಸಿದ್ದಿ ಹೆಂಗಸರೂ ಕೌದಿ ಹೊಲಿಯುತ್ತಾರೆ. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಇಲ್ಲಿಗೆ ಬಂದು ಅವರ ಜೊತೆ ಕೆಲಸ ಮಾಡಿದರು. 2011ರಲ್ಲಿ ಆ ಕೌದಿಗಳು ಹಾರ್ಲೆಮ್‌ನ ಷೊಂಬರ್ಗ್ ಸೆಂಟರಿನಲ್ಲಿ ಪ್ರದರ್ಶನಗೊಂಡವು. ಜೇಕಬ್ ಲಾರೆನ್ಸ್ ಗುಳೆಯ ಸರಣಿಗೆ ಕೂತು ಓದಿ ಟಿಪ್ಪಣಿ ಮಾಡಿಕೊಂಡದ್ದು ಇದೇ ಗ್ರಂಥಾಲಯದಲ್ಲಿ.

ಸಿದ್ದಿ ಕೌದಿಯನ್ನು ಜೀಸ್ ಬೆಂಡ್ ಕೌದಿಯ ಪಕ್ಕ ಇಟ್ಟು ‘ಎರಡೂ ಆಫ್ರಿಕಾದ್ದೇ’ ಅಂತ ಹೇಳಿಬಿಡುವ ಆಸೆ ಆಗುತ್ತದೆ. ನಾನು ಅಷ್ಟು ದೂರ ಹೋಗುವುದಿಲ್ಲ. ಕೌದಿ ನಮ್ಮಲ್ಲಿ ಎಲ್ಲ ಸಮುದಾಯದವರೂ ಹೊಲಿಯುವಂಥದ್ದು, ಸಿದ್ದಿಗಳು ಈ ನೆಲದ ಕೆಲಸವನ್ನೇ ತಮ್ಮ ಕಣ್ಣಿನಿಂದ ಮಾಡಿದ್ದಾರೆ. ಹೊಲಿಯುವ ಕ್ರಮವೂ ಬೇರೆ. ಜೀಸ್ ಬೆಂಡ್‌ನ ‘ಹೌಸ್‌ಟಾಪ್’ ಎಂಬ ವಿನ್ಯಾಸ ನಡುವಿನ ಒಂದು ತುಂಡಿನಿಂದ ಶುರುವಾಗಿ, ಸುತ್ತಲೂ ಪಟ್ಟಿ ಸೇರಿಸುತ್ತ ಹೊರಕ್ಕೆ ಬೆಳೆಯುತ್ತದೆ. ಸಿದ್ದಿ ಕೌದಿ ಇದಕ್ಕೆ ತದ್ವಿರುದ್ಧ. ಕೆಳಗೆ ಹಳೆ ಹತ್ತಿ ಸೀರೆ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಗುಂಟ ತುಂಡುಗಳನ್ನು ಇಟ್ಟು ಎಳೆಹೊಲಿಗೆ ಹಾಕುತ್ತ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಕ್ರೈಸ್ತರ ಮನೆಯ ಕೌದಿಯಲ್ಲಿ ಶಿಲುಬೆ, ಮುಸ್ಲಿಮರ ಮನೆಯದರಲ್ಲಿ ಅರ್ಧಚಂದ್ರ ಬರುವುದುಂಟು. ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ ಮುಕ್ಕೋನದ ‘ಫುಲಾ’ ಇರಬೇಕು. ಫುಲಾ ಇಲ್ಲದ ಕೌದಿ ಬೆತ್ತಲೆ ಅಂತಾರೆ.

ಹೀಗೆಲ್ಲ ಇದ್ದೂ, ಸಿದ್ದಿ ಕೌದಿಯ ಫೋಟೊ ಕಂಡಾಗ ನನಗೆ ಒಂದು ಕೊರಗು ಇದ್ದೇ ಇದೆ. ಮಿಸೌರಿ ಪೆಟ್ವೇ ಹೆಸರು, ಇಸವಿ, ಅಳತೆ, ಬಟ್ಟೆ ಎಲ್ಲ ಒಂದು ಗಳಿಗೆಯಲ್ಲಿ ಸಿಗುತ್ತದೆ. ನಮ್ಮ ಪಕ್ಕದ ಜಿಲ್ಲೆಯ ಕೌದಿಯ ಫೋಟೊ ಕೆಳಗೆ ‘ಸಿದ್ದಿ ಮಹಿಳೆಯರ ಕರಕುಶಲ’ ಅಂತ ಮಾತ್ರ ಬರೆದಿರುವುದೇ ಜಾಸ್ತಿ. ಆ ಕಡೆ ಹೋಗುವವರು, ಕೌದಿ ಕೊಳ್ಳುವವರು, ಫೋಟೊ ಹಾಕುವವರು ದಯವಿಟ್ಟು ಹೊಲಿದವರನ್ನು ಕೇಳಿ, ಅವರು ಒಪ್ಪಿದರೆ ಹೆಸರು, ಊರು, ಹೊಲಿದ ವರ್ಷ ಬರೆಯಿರಿ. ನೆರಳಿನಲ್ಲಿ ಹಗಲು ಬೆಳಕಿಗೆ ಹಿಡಿದು, ಹೊಲಿಗೆಯ ಗೆರೆ ಕಾಣುವ ಹಾಗೆ ಹತ್ತಿರದಿಂದ ಒಂದು, ಮೂಲೆಯ ಫುಲಾದ್ದು ಒಂದು ಫೋಟೊ ತೆಗೆಯಿರಿ. ಆಮೇಲೆ ತಿರುಗಿಸಿ ಹಿಂಭಾಗದ್ದೂ ಒಂದು, ಯಾಕೆಂದರೆ ಯಾರ ಸೀರೆ ಅದು ಅನ್ನುವುದನ್ನೂ ಅವರೇ ಹೇಳುತ್ತಾರೆ.